ಎರಡು ಕ್ಲಾಸ್, ಒಂದೇ ಪಾತ್ರ: ಮಲ್ಟಿಕ್ಲಾಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು, ಪಾತ್ರ ವಹಿಸಿ, ದಾಳ ಹಾಕುತ್ತಾ ಆಡುವ ಕಥೆಯ ಆಟ) ಆಡುವವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೆಲವು ಆಟದ ಮಧ್ಯೆ ಬಂದವು, ಕೆಲವು ರಾತ್ರಿ ಹನ್ನೊಂದಕ್ಕೆ ಮೆಸೇಜಿನಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಲೆಕ್ಕವೆಲ್ಲ ಐದನೇ ಎಡಿಷನ್ನಿನದು. ಅದರ 2014ರ ಮೂಲ ನಿಯಮಕ್ಕೂ 2024ರ ತಿದ್ದಿದ ನಿಯಮಕ್ಕೂ ವ್ಯತ್ಯಾಸ ಇರುವ ಕಡೆ ಎರಡನ್ನೂ ಹೇಳಿದ್ದೇನೆ.

## ಹೊಸಬರಿಗೆ

ಮಲ್ಟಿಕ್ಲಾಸ್ ಅಂದ್ರೆ ಎಂತ? ಎರಡು ಪಾತ್ರ ಆಡೋದಾ?

ಅಲ್ಲ, ಪಾತ್ರ ಒಂದೇ. ಕ್ಲಾಸ್ ಅಂದರೆ ಆ ಪಾತ್ರದ ಕಸುಬು (ಫೈಟರ್ ಕಾದಾಳು, ವಿಜರ್ಡ್ ಮಂತ್ರವಾದಿ), ಲೆವೆಲ್ ಅಂದರೆ ಅದರಲ್ಲಿ ಏರಿದ ಮೆಟ್ಟಿಲು. ಲೆವೆಲ್ ಏರಿದಾಗ ಹಳೇ ಕ್ಲಾಸಿನಲ್ಲೇ ಮುಂದೆ ಹೋಗಬಹುದು, ಇಲ್ಲವೇ ಬೇರೆ ಕ್ಲಾಸಿನ ಮೊದಲ ಲೆವೆಲ್ ತೆಗೆದುಕೊಳ್ಳಬಹುದು. ಫೈಟರ್ 3 ಆಗಿದ್ದವನು ಮುಂದಿನ ಲೆವೆಲ್ಲಿಗೆ ವಿಜರ್ಡ್ ಆರಿಸಿಕೊಂಡ ಅಂತಿಟ್ಟುಕೊಳ್ಳಿ. ಈಗ ಅವನು ಫೈಟರ್ 3, ವಿಜರ್ಡ್ 1. ಒಟ್ಟು 4. ಪಕ್ಕದಲ್ಲಿ ಕೂತ ಸೀದಾ ಫೈಟರ್ ಕೂಡ 4. ಕಾಗದದ ಮೇಲೆ ಇಬ್ಬರೂ ಸಮ, ಕೈಯಲ್ಲಿರುವ ಶಕ್ತಿ ಮಾತ್ರ ಬೇರೆ ಬೇರೆ.

ನಮ್ಮ ಡಿ.ಎಂ. ಬೇಡ ಅಂತಾರೆ. ಪುಸ್ತಕದಲ್ಲೇ ಇರೋದನ್ನ ಬೇಡ ಅನ್ನಬಹುದಾ?

ಅನ್ನಬಹುದು. 2014ರ ಪುಸ್ತಕದಲ್ಲಿ ಮಲ್ಟಿಕ್ಲಾಸ್ ಇರುವುದೇ ಐಚ್ಛಿಕ ನಿಯಮವಾಗಿ. ಡಿ.ಎಂ., ಅಂದರೆ ಕಥೆ ಹೇಳಿ ಆಟ ನಡೆಸುವ ಡಂಜನ್ ಮಾಸ್ಟರ್, ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಟೇಬಲ್ಲಿನಲ್ಲಿ ಕೂತವರೆಲ್ಲ ಹೊಸಬರಾದರೆ ಮೊದಲ ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಒಂದು ಕಥೆ) ಇದಿಲ್ಲದೆ ಆಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದು ಕ್ಲಾಸ್ 5ನೇ ಲೆವೆಲ್ಲಿನಲ್ಲಿ ಏನು ಮಾಡುತ್ತದೆ ಅಂತ ನೋಡದವರಿಗೆ ಎರಡು ಕ್ಲಾಸ್ ಬೆರೆಸಿದರೆ ಏನು ಕಳೆದುಕೊಳ್ಳುತ್ತೇವೆ ಅನ್ನುವುದು ಗೊತ್ತಾಗುವುದಿಲ್ಲ. ಆದರೆ ಬೇಡ ಅನ್ನುವುದಕ್ಕೆ ಕಾರಣ ಕೇಳಿ. "ಆಟ ಹಾಳಾಗುತ್ತೆ" ಅಂತ ಮಾತ್ರ ಹೇಳಿದರೆ, ಯಾವ ಜೋಡಿಯಿಂದ ಹಾಳಾಗುತ್ತದೆ ಅಂತ ಇನ್ನೊಂದು ಪ್ರಶ್ನೆ ಕೇಳಬಹುದು. ತಂಟೆ ಮಾಡುವ ಜೋಡಿಗಳು ನಿಜವಾಗಿ ಕೆಲವೇ ಕೆಲವು.

ಪುಸ್ತಕ ಸಿಕ್ಕಾಪಟ್ಟೆ ದುಬಾರಿ ಮಾರಾಯ್ರೆ. ನಿಯಮ ಬಿಟ್ಟಿ ಸಿಗುತ್ತಾ?

ಸಿಗುತ್ತದೆ. 2014ರ ನಿಯಮಗಳ ಮುಖ್ಯ ಭಾಗವನ್ನು ಎಸ್.ಆರ್.ಡಿ. 5.1 ಅನ್ನುವ ಹೆಸರಿನಲ್ಲಿ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟರು. 2024ರ ನಿಯಮಗಳದ್ದು ಎಸ್.ಆರ್.ಡಿ. 5.2, ಅದು 2025ರಲ್ಲಿ ಬಂತು. ಹನ್ನೆರಡೂ ಕ್ಲಾಸ್ ಇದೆ, ಮಲ್ಟಿಕ್ಲಾಸ್ ನಿಯಮವೂ ಇದೆ. ಒಂದೇ ಕೊರತೆ ಅಂದರೆ ಪ್ರತಿ ಕ್ಲಾಸಿಗೆ ಒಂದೊಂದೇ ಸಬ್‌ಕ್ಲಾಸ್ (ಕ್ಲಾಸಿನೊಳಗೆ ಆರಿಸಿಕೊಳ್ಳುವ ಕವಲು). ಬ್ಯಾಲೆನ್ಸ್ ದೃಷ್ಟಿಯಿಂದ ನೋಡಿದರೆ ಅದು ಕೊರತೆಯೇ ಅಲ್ಲ. ಎಸ್.ಆರ್.ಡಿ. ಮಾತ್ರ ಇಟ್ಟುಕೊಂಡು ಆಡುವ ಟೇಬಲ್ಲಿನಲ್ಲಿ ಅರ್ಧ ರಗಳೆ ಹುಟ್ಟುವುದೇ ಇಲ್ಲ.

ಯಾವ ಕ್ಲಾಸಿಗೆ ಬೇಕಾದ್ರೂ ಹೋಗಬಹುದಾ, ಏನಾದ್ರೂ ಷರತ್ತು ಉಂಟಾ?

ಪ್ರತಿ ಪಾತ್ರದ ಬಲ, ಚುರುಕು, ಬುದ್ಧಿ ಮುಂತಾದ ಗುಣಗಳಿಗೆ ಅಂಕ ಇರುತ್ತದೆ. ಈಗಿರುವ ಕ್ಲಾಸಿನ ಮುಖ್ಯ ಗುಣದಲ್ಲೂ ಹೊಸ ಕ್ಲಾಸಿನ ಮುಖ್ಯ ಗುಣದಲ್ಲೂ ಕನಿಷ್ಠ 13 ಇರಬೇಕು. ವಿಜರ್ಡ್‌ಗೆ ಇಂಟೆಲಿಜೆನ್ಸ್, ಕ್ಲೆರಿಕ್ (ದೇವರ ಬಲದ ಮಂತ್ರಗಾರ) ಮತ್ತು ಡ್ರೂಯಿಡ್‌ಗೆ (ಪ್ರಕೃತಿ ಬಲದವನು) ವಿಸ್ಡಮ್, ಬಾರ್ಡ್ (ಹಾಡುಗಾರ), ಸಾರ್ಸರರ್ (ಹುಟ್ಟಿನಿಂದಲೇ ಮಂತ್ರ ಬಂದವನು), ವಾರ್ಲಾಕ್ (ಯಾವುದೋ ಶಕ್ತಿಯ ಜೊತೆ ಒಪ್ಪಂದದಿಂದ ಮಂತ್ರ ಪಡೆದವನು) ಮೂವರಿಗೂ ಕರಿಸ್ಮಾ. ಫೈಟರ್‌ಗೆ ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ ಒಂದಿದ್ದರೆ ಸಾಕು. ಪ್ಯಾಲಡಿನ್ (ಶಪಥ ತೊಟ್ಟ ಯೋಧ), ಮಾಂಕ್ (ಬರಿಗೈ ಕಾದಾಳು), ರೇಂಜರ್‌ಗೆ (ಕಾಡು ಬಲ್ಲವನು) ಎರಡೆರಡು ಗುಣದಲ್ಲಿ 13 ಬೇಕು.

ಈ ಷರತ್ತನ್ನು ಜನ ಹಗುರವಾಗಿ ನೋಡುತ್ತಾರೆ. ಪ್ಯಾಲಡಿನ್ ಒಬ್ಬ ವಿಜರ್ಡ್ ಆಗಬೇಕಾದರೆ ಸ್ಟ್ರೆಂತ್, ಕರಿಸ್ಮಾ, ಇಂಟೆಲಿಜೆನ್ಸ್ ಮೂರರಲ್ಲೂ 13 ಬೇಕು. ಪಾಯಿಂಟ್ ಬೈನಲ್ಲಿ (27 ಪಾಯಿಂಟ್ ಖರ್ಚು ಮಾಡಿ ಗುಣದ ಅಂಕ ಕೊಳ್ಳುವ ವಿಧಾನ) ಒಂದು 13ಕ್ಕೆ 5 ಪಾಯಿಂಟ್, ಅಂದರೆ ಇರುವ 27ರಲ್ಲಿ 15 ಅಲ್ಲಿಗೇ ಹೋಯಿತು. ಉಳಿದ 12ರಲ್ಲಿ ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಏರಿಸಬೇಕು, ಹೊಡೆಯುವ ಗುಣವನ್ನೂ ಏರಿಸಬೇಕು. ಪುಸ್ತಕ ಇಲ್ಲಿ ತಾನಾಗಿಯೇ ಒಂದು ತೂಕ ಹಾಕಿದೆ. ಹಾಗಾಗಿ "ಕಥೆಗೆ ಚೆನ್ನಾಗಿದೆ, 13 ಇಲ್ಲದಿದ್ದರೂ ಪರವಾಗಿಲ್ಲ" ಅಂತ ಡಿ.ಎಂ. ಬಿಟ್ಟುಕೊಡುವಾಗ ಸ್ವಲ್ಪ ಯೋಚಿಸಿ.

ಫೈಟರ್-ವಿಜರ್ಡ್ ಆದ್ರೇನು, ವಿಜರ್ಡ್-ಫೈಟರ್ ಆದ್ರೇನು, ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ಮೊದಲ ಕ್ಲಾಸಿಗೆ ವಿಶೇಷ ಲಾಭ ಇದೆ. ಸೇವಿಂಗ್ ಥ್ರೋ (ಅಪಾಯದಿಂದ ಪಾರಾಗಲು ಹಾಕುವ ದಾಳ) ಪ್ರೊಫಿಷಿಯೆನ್ಸಿ, ಅಂದರೆ ಪಳಗಿದ್ದಕ್ಕೆ ಸಿಗುವ ಬೋನಸ್, ಬರುವುದು ಮೊದಲ ಕ್ಲಾಸಿನಿಂದ ಮಾತ್ರ. ಹಿಟ್ ಡೈಸಿನ (ಹಿಟ್ ಪಾಯಿಂಟ್, ಅಂದರೆ ಪ್ರಾಣದ ಅಂಕ ಕೊಡುವ ದಾಳ) ಪೂರ್ತಿ ಅಂಕ ಸಿಗುವುದೂ ಪಾತ್ರದ ಮೊದಲ ಲೆವೆಲ್ಲಿನಲ್ಲಿ ಮಾತ್ರ. ಫೈಟರ್ ಆಗಿ ಶುರು ಮಾಡಿದರೆ 10, ಆಮೇಲೆ ವಿಜರ್ಡ್‌ನ ಸರಾಸರಿ 4, ಒಟ್ಟು 14. ತಿರುಗಾ ಮುರುಗಾ ಮಾಡಿದರೆ 6 ಮತ್ತು 6, ಒಟ್ಟು 12. ಇದರ ಮೇಲೆ ಕಾನ್‌ಸ್ಟಿಟ್ಯೂಷನ್ ಸೇರುತ್ತದೆ. ದೊಡ್ಡ ಕವಚ ಹಾಕುವ ತರಬೇತಿಯೂ ಫೈಟರ್ ಆಗಿ ಶುರು ಮಾಡಿದವರಿಗೆ ಮಾತ್ರ.

ಇದರಲ್ಲಿ ನಿಜಕ್ಕೂ ತೂಕದ್ದು ಕಾನ್‌ಸ್ಟಿಟ್ಯೂಷನ್ ಸೇವ್. ಮಂತ್ರದ ಮೇಲೆ ಗಮನ ಇಟ್ಟಿರುವಾಗ ಪೆಟ್ಟು ಬಿದ್ದರೆ ಆ ಸೇವ್ ಹಾಕಬೇಕಲ್ಲ, ಅದಕ್ಕೇ ಎಷ್ಟೋ ವಿಜರ್ಡ್‌ಗಳು ಒಂದು ಲೆವೆಲ್ ಫೈಟರ್ ಆಗಿ ಹುಟ್ಟುತ್ತಾರೆ.

ಒಟ್ಟು ಲೆವೆಲ್ ಜೊತೆ ಯಾವುದು ಬೆಳೆಯುತ್ತೆ? ಪ್ರತಿ ಸಲ ಗೊಂದಲ ಆಗುತ್ತೆ.

ಒಟ್ಟು ಲೆವೆಲ್ ನೋಡುವುದು ಮುಖ್ಯವಾಗಿ ಎರಡೇ: ಪ್ರೊಫಿಷಿಯೆನ್ಸಿ ಬೋನಸ್ ಮತ್ತು ಕ್ಯಾಂಟ್ರಿಪ್‌ಗಳ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರಗಳು) ಹೊಡೆತ. ಉಳಿದದ್ದೆಲ್ಲ ಆಯಾ ಕ್ಲಾಸಿನ ಲೆವೆಲ್ಲಿನ ಮೇಲೆ. ಗುಣದ ಅಂಕ ಏರಿಸುವ ಅವಕಾಶ ಕೂಡ ಕ್ಲಾಸಿನ 4ನೇ ಲೆವೆಲ್ಲಿಗೇ ಬರುವುದು. ಫೈಟರ್ 3, ರೋಗ್ (ಸದ್ದಿಲ್ಲದೆ ಕೆಲಸ ಮುಗಿಸುವ ಚಾಲಾಕಿ) 3 ಆದವನು ಒಟ್ಟು 6ನೇ ಲೆವೆಲ್ ಮುಟ್ಟಿದರೂ ಒಂದು ಅಂಕವನ್ನೂ ಏರಿಸಿರುವುದಿಲ್ಲ. ಅದೇ ಹೊತ್ತಿಗೆ ಸೀದಾ ಫೈಟರ್ 4ರಲ್ಲಿ ಒಮ್ಮೆ, 6ರಲ್ಲಿ ಇನ್ನೊಮ್ಮೆ ಏರಿಸಿ ಕೂತಿರುತ್ತಾನೆ.

ಕೂಡದೇ ಇರುವ ಕೆಲವು ಸಂಗತಿಗಳೂ ಇವೆ. ಎರಡು ಕ್ಲಾಸಿನಿಂದ ಎಕ್ಸ್ಟ್ರಾ ಅಟ್ಯಾಕ್ ಬಂದರೂ ಹೊಡೆತ ಎರಡೇ, ಮೂರಲ್ಲ. ಬಾರ್ಬೇರಿಯನ್ (ರೊಚ್ಚಿನಿಂದ ಕಾದುವವನು) ಮತ್ತು ಮಾಂಕ್ ಇಬ್ಬರಿಗೂ ಕವಚವಿಲ್ಲದ ರಕ್ಷಣೆ ಇದೆ, ಆದರೆ ಮೊದಲು ಸಿಕ್ಕಿದ್ದೇ ಉಳಿಯುತ್ತದೆ.

## ಟೇಬಲ್ಲಿನಲ್ಲಿ ಬರುವ ತೊಂದರೆ

ಮಲ್ಟಿಕ್ಲಾಸ್ ಮಾಡಿದ್ರೆ ಪಾತ್ರ ಪವರ್‌ಫುಲ್ ಆಗುತ್ತೆ ಅಂತಾರೆ, ಹೌದಾ?

ಹೆಚ್ಚಿನ ಸಲ ಇಲ್ಲ. ಸುಮ್ನೆ ಇಷ್ಟ ಅಂತ ಎರಡು ಕ್ಲಾಸ್ ಅರ್ಧರ್ಧ ಬೆರೆಸಿದವರು ಬಹುತೇಕ ದುರ್ಬಲರಾಗುತ್ತಾರೆ. ಗುಂಪಿನ ಬ್ಯಾಲೆನ್ಸ್ ಕೆಡಿಸುವುದು ಬೇರೆ ಜಾತಿಯ ಮಲ್ಟಿಕ್ಲಾಸ್: ಒಂದು ಅಥವಾ ಎರಡು ಲೆವೆಲ್ ಮಾತ್ರ ಮುಳುಗಿ ಏಳುವುದು. ಇದಕ್ಕೆ ಆಟಗಾರರು ಡಿಪ್ ಅನ್ನುತ್ತಾರೆ. ಹಲಸಿನ ಹಣ್ಣಿನ ತೊಳೆ ತಿಂದು ಎದ್ದು ಹೋದ ಹಾಗೆ, ಮೇಣ ಬಿಡಿಸುವ ಕೆಲಸ ಅವರದ್ದಲ್ಲ.

ಡಿ.ಎಂ.ಗಳು ಸಾಮಾನ್ಯವಾಗಿ ಇದನ್ನು ಉಲ್ಟಾ ಹಿಡಿಯುತ್ತಾರೆ. ಫೈಟರ್ 4, ಡ್ರೂಯಿಡ್ 4 ಅಂತ ಬಂದವನನ್ನು ಅನುಮಾನದಿಂದ ನೋಡುತ್ತಾರೆ. ಪಾಪ, ಅವನಿಗೆ ಸಹಾಯ ಬೇಕು. ಬಾರ್ಡ್ 6, ವಾರ್ಲಾಕ್ 2 ಅಂತ ಬಂದವನನ್ನು "ಎರಡೇ ಲೆವೆಲ್ ಅಲ್ವಾ" ಅಂತ ಬಿಟ್ಟುಬಿಡುತ್ತಾರೆ.

5ನೇ ಲೆವೆಲ್ಲಿಗೆ ಬಂದಿದ್ದೀನಿ, ನನ್ನ ಪಾತ್ರ ಏನೂ ಕೆಲಸಕ್ಕೆ ಬರ್ತಿಲ್ಲ. ಮುಂದೆ ಸರಿ ಹೋಗುತ್ತಾ?

ಸರಿ ಹೋಗುತ್ತದೆ, ಆದರೆ ಯಾವಾಗ ಅನ್ನುವುದು ಮುಖ್ಯ. ಐದನೇ ಲೆವೆಲ್ ಈ ಆಟದಲ್ಲಿ ದೊಡ್ಡ ಮೆಟ್ಟಿಲು. ಕಾದಾಡುವ ಕ್ಲಾಸುಗಳಿಗೆ ಎರಡನೇ ಹೊಡೆತ ಬರುತ್ತದೆ, ಅಂದರೆ ಹೊಡೆತದ ಶಕ್ತಿ ಹೆಚ್ಚು ಕಡಿಮೆ ದುಪ್ಪಟ್ಟು. ವಿಜರ್ಡ್‌ಗೆ ಫೈರ್‌ಬಾಲ್ ಬರುತ್ತದೆ, ಎಂಟು ಡಿ6 (ಆರು ಮುಖದ ಎಂಟು ದಾಳ), ಸರಾಸರಿ 28, ಅದೂ ಒಂದು ಕೋಣೆ ತುಂಬಾ ಇರುವವರಿಗೆ. ನೀವು ಫೈಟರ್ 3, ವಿಜರ್ಡ್ 2 ಆಗಿದ್ದರೆ ಅದೂ ಇಲ್ಲ, ಇದೂ ಇಲ್ಲ. ಎದುರಿಗೆ ಬರುವ ರಾಕ್ಷಸರು ಮಾತ್ರ ಐದನೇ ಲೆವೆಲ್ಲಿನ ಗುಂಪಿಗೆ ತಕ್ಕವರು.

ವಾರ ವಾರ ಆಡುವ ಪೇಟೆಯ ಗುಂಪಿಗೆ ಎರಡು ಲೆವೆಲ್ ಹಿಂದೆ ಬಿದ್ದರೆ ಒಂದೆರಡು ತಿಂಗಳ ಕಷ್ಟ. ನಮ್ಮ ಕಡೆ ಹಾಗಲ್ಲ. ಮಳೆಗಾಲದಲ್ಲಿ ಆಟ ಚೆನ್ನಾಗಿ ಓಡುತ್ತದೆ, ಮಧ್ಯೆ ಹೊಳವಾದ ದಿನ ಕೊಳೆ ಔಷಧಿ ಹೊಡೆಸುವುದಕ್ಕೆ ಅಂತ ಯಾರಾದರೂ ತಪ್ಪಿಸಿಕೊಳ್ಳುವುದು ಬಿಟ್ಟರೆ. ದೀಪಾವಳಿ ಕಳೆದು ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು ಶುರುವಾಯಿತು ಅಂದರೆ ತೋಟ ಇರುವ ಮನೆಯವರು ಸಿಗುವುದೇ ಇಲ್ಲ. ಎರಡು ಲೆವೆಲ್ ಹಿಂದೆ ಬಿದ್ದವನು ಅರ್ಧ ವರ್ಷ ಹಿಂದೆಯೇ ಇರುತ್ತಾನೆ. ಬಿಲ್ಡ್ (ಪಾತ್ರ ಕಟ್ಟುವ ಯೋಜನೆ) ತೋರಿಸುವ ವಿಡಿಯೋಗಳು ಈ ಕ್ಯಾಲೆಂಡರ್ ಲೆಕ್ಕ ಹಾಕುವುದಿಲ್ಲ.

ಹಾಗಾಗಿ ಒಂದು ಕ್ಲಾಸನ್ನು 5ಕ್ಕೆ ಮುಟ್ಟಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಡಿ.ಎಂ. ಹತ್ತಿರ ಮಾತಾಡಿ, ಲೆವೆಲ್‌ಗಳನ್ನು ಮತ್ತೆ ಜೋಡಿಸಿಕೊಳ್ಳಲು ಬಿಡುತ್ತಾರಾ ಕೇಳಿ. ಫೈಟರ್ 3, ವಿಜರ್ಡ್ 2 ಇದ್ದದ್ದನ್ನು ಫೈಟರ್ 5 ಮಾಡಿಕೊಂಡು, ವಿಜರ್ಡ್ ಲೆವೆಲ್ ಆಮೇಲೆ ಮತ್ತೆ ತೆಗೆದುಕೊಂಡರೆ ಕಥೆಗೆ ಏನೂ ಆಗುವುದಿಲ್ಲ. ಡಿ.ಎಂ. ಆದವರು ಇದಕ್ಕೆ ಹಟ ಹಿಡಿಯಬಾರದು.

ಎಲ್ಲಾ ಹುಡುಗ್ರೂ ಎರಡೇ ಲೆವೆಲ್ ವಾರ್ಲಾಕ್ ತಗೊಳ್ತಾರಲ್ಲ, ಎಂತಕ್ಕೆ?

ಎಲ್ಡ್ರಿಚ್ ಬ್ಲಾಸ್ಟ್‌ಗೋಸ್ಕರ. ಅದು ಕ್ಯಾಂಟ್ರಿಪ್, ಹಾಗಾಗಿ ಒಟ್ಟು ಲೆವೆಲ್ ಜೊತೆ ಬೆಳೆಯುತ್ತದೆ: 5ರಲ್ಲಿ ಎರಡು ಕಿರಣ, 11ರಲ್ಲಿ ಮೂರು, 17ರಲ್ಲಿ ನಾಲ್ಕು. ವಾರ್ಲಾಕ್ 2ರಲ್ಲಿ ಸಿಗುವ ಅಗೊನೈಜಿಂಗ್ ಬ್ಲಾಸ್ಟ್ ಪ್ರತಿ ಕಿರಣಕ್ಕೂ ಕರಿಸ್ಮಾ ಬೋನಸ್ ಸೇರಿಸುತ್ತದೆ. ಬಾರ್ಡ್, ಸಾರ್ಸರರ್, ಪ್ಯಾಲಡಿನ್ ಎಲ್ಲರದೂ ಕರಿಸ್ಮಾವೇ. ಎರಡು ಲೆವೆಲ್ ಕೊಟ್ಟು ಜೀವನಪೂರ್ತಿ ಬೆಳೆಯುವ ಆಯುಧ ತಗೊಂಡ ಹಾಗಾಯಿತು.

ಲೆಕ್ಕ ನೋಡಿ. ಸಾರ್ಸರರ್ 3, ವಾರ್ಲಾಕ್ 2, ಕರಿಸ್ಮಾ ಬೋನಸ್ 4. ಎರಡು ಸಾರ್ಸರಿ ಪಾಯಿಂಟ್ (ಸಾರ್ಸರರ್‌ನ ವಿಶೇಷ ಶಕ್ತಿಯ ಅಂಕ) ಕೊಟ್ಟು ಕ್ವಿಕನ್ ಮಾಡಿದರೆ, ಅಂದರೆ ಅದೇ ಸರದಿಯಲ್ಲಿ ಇನ್ನೊಮ್ಮೆ ಮಂತ್ರ ಹಾಕಿದರೆ, 2014ರ ನಿಯಮದಲ್ಲಿ ಒಂದೇ ಸುತ್ತಿಗೆ ನಾಲ್ಕು ಕಿರಣ. ಎಲ್ಲ ತಾಗಿದರೆ ಸರಾಸರಿ 38. ಅದೇ ಲೆವೆಲ್ಲಿನ ಫೈಟರ್ ದೊಡ್ಡ ಕತ್ತಿಯಿಂದ ಎರಡು ಸಲ ಹೊಡೆದರೆ 22. ಆದರೆ ಆ ಸಾರ್ಸರರ್ ಹತ್ತಿರ ಇರುವುದೇ ಮೂರು ಸಾರ್ಸರಿ ಪಾಯಿಂಟ್. ಕ್ವಿಕನ್ ಒಮ್ಮೆ ಆಯಿತು ಅಂದರೆ ಸ್ಲಾಟ್ (ಇಷ್ಟೇ ಸಲ ಅಂತ ಲೆಕ್ಕವಿರುವ, ಮಂತ್ರ ಹಾಕುವ ಅವಕಾಶ) ಮುರಿದು ಪಾಯಿಂಟ್ ಮಾಡಿಕೊಳ್ಳಬೇಕು. ಫೈಟರ್ ದಿನಪೂರ್ತಿ 22 ಹೊಡೆಯುತ್ತಾನೆ.

2017ರಲ್ಲಿ ಬಂದ ಹೆಕ್ಸ್‌ಬ್ಲೇಡ್ ಸಬ್‌ಕ್ಲಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದೇ ಲೆವೆಲ್ಲಿಗೆ ಮಧ್ಯಮ ಕವಚ, ಗುರಾಣಿ, ಕತ್ತಿಗೆ ಕರಿಸ್ಮಾ. ನಾನು ಡಿ.ಎಂ. ಆದಾಗ ಅದಕ್ಕೆ ಡಿಪ್ ಬಿಡುವುದಿಲ್ಲ, ಅದನ್ನೇ ಮುಖ್ಯ ಕ್ಲಾಸ್ ಮಾಡಿಕೊಂಡವರಿಗೆ ಮಾತ್ರ. 2024ರಲ್ಲಿ ಸಬ್‌ಕ್ಲಾಸ್ ಎಲ್ಲರಿಗೂ 3ಕ್ಕೆ ಹೋಯಿತು, ಆದರೆ ಪ್ಯಾಕ್ಟ್ ಆಫ್ ದ ಬ್ಲೇಡ್ ಅನ್ನುವ ವಾರ್ಲಾಕ್ ಶಕ್ತಿ 1ಕ್ಕೇ ಇಳಿಯಿತು. ಅದರಿಂದಲೂ ಕತ್ತಿಗೆ ಕರಿಸ್ಮಾ ಸಿಗುತ್ತದೆ. ಒಂದು ಬಾಗಿಲು ಮುಚ್ಚಿ ಪಕ್ಕದ ಬಾಗಿಲು ತೆಗೆದಿದ್ದಾರೆ.

ಪ್ಯಾಲಡಿನ್-ಸಾರ್ಸರರ್ ಒಬ್ಬನೇ ಬಾಸನ್ನ ಒಂದೇ ಸುತ್ತಿಗೆ ಮುಗಿಸ್ತಾನೆ. ನಾನು ಡಿ.ಎಂ., ಎಂತ ಮಾಡ್ಲಿ?

ಮೊದಲು ಸೀದಾ ಪ್ಯಾಲಡಿನ್ ಜೊತೆ ಹೋಲಿಸಿ ನೋಡಿ. ಸ್ಮೈಟ್ ಅಂದರೆ ಪ್ಯಾಲಡಿನ್ ಸ್ಲಾಟ್ ಖರ್ಚು ಮಾಡಿ ತನ್ನ ಪೆಟ್ಟಿಗೆ ಸೇರಿಸುವ ಹೆಚ್ಚುವರಿ ಹೊಡೆತ. 2014ರ ನಿಯಮದಲ್ಲಿ ಅದು ಒಂದನೇ ಹಂತದ ಸ್ಲಾಟಿಗೆ ಎರಡು ಡಿ8 (ಎಂಟು ಮುಖದ ದಾಳ), ಹಂತ ಏರಿದ ಹಾಗೆ ಒಂದೊಂದು ಡಿ8, ಗರಿಷ್ಠ ಐದು. ಪ್ಯಾಲಡಿನ್ 6, ಸಾರ್ಸರರ್ 2 ಆದವನ ಹತ್ತಿರ 9 ಸ್ಲಾಟ್, ಅದರಲ್ಲಿ ಎರಡು ಮೂರನೇ ಹಂತದವು. ಎರಡು ಹೊಡೆತಕ್ಕೂ ಸ್ಮೈಟ್ ಹಾಕಿದರೆ ಕತ್ತಿಯ ಪೆಟ್ಟು ಬಿಟ್ಟು ಸರಾಸರಿ 36. ಸೀದಾ ಪ್ಯಾಲಡಿನ್ 8ರ ಹತ್ತಿರ 7 ಸ್ಲಾಟ್, ಅದೇ ಲೆಕ್ಕದಲ್ಲಿ 27. ವ್ಯತ್ಯಾಸ ಇದೆ, ಆದರೆ ನಿಮ್ಮ ಬಾಸ್ ಸೀದಾ ಪ್ಯಾಲಡಿನ್ ಕೈಯಲ್ಲೂ ಉಳಿಯುತ್ತಿರಲಿಲ್ಲ. ಒಟ್ಟು ಲೆವೆಲ್ 12ಕ್ಕೆ ಹೋದಾಗ ಮಾತ್ರ ಅಂತರ ದೊಡ್ಡದಾಗುತ್ತದೆ. ಆರು-ಆರು ಮಾಡಿದವನಿಗೆ 14 ಸ್ಲಾಟ್, ಸೀದಾ ಪ್ಯಾಲಡಿನ್‌ಗೆ 10.

ಹಾಗಾದರೆ ತೊಂದರೆ ಎಲ್ಲಿ? ದಿನಕ್ಕೆ ಒಂದೇ ಕಾದಾಟ ಇಡುವುದರಲ್ಲಿ. 2014ರ ಡಿ.ಎಂ. ಪುಸ್ತಕ ಒಂದು ಲಾಂಗ್ ರೆಸ್ಟಿನಿಂದ (ಸ್ಲಾಟ್ ತುಂಬಿಸುವ ರಾತ್ರಿಯ ಪೂರ್ತಿ ವಿಶ್ರಾಂತಿ) ಇನ್ನೊಂದರವರೆಗೆ ಮಧ್ಯಮ ಅಥವಾ ಕಷ್ಟದ ಎದುರಾಟ ಆರರಿಂದ ಎಂಟು ಇರುತ್ತವೆ ಅಂದುಕೊಂಡು ಲೆಕ್ಕ ಹಾಕಿದೆ. ನಮ್ಮ ಸೆಷನ್‌ಗಳು ಅಷ್ಟು ಉದ್ದ ಇರುವುದಿಲ್ಲ. ಯಾರಿಗೋ ಕೊನೇ ಬಸ್ಸು, ಎಲ್ಲೋ ಕರೆಂಟು ಹೋಯಿತು. ಆದ್ದರಿಂದ ಸಂಜೆಗೆ ಒಂದು ದೊಡ್ಡ ಕಾದಾಟ ಇಟ್ಟು ಮನೆಗೆ ಕಳಿಸುತ್ತೇವೆ, ಮುಂದಿನ ಸಲ ಬಂದಾಗ ಎಲ್ಲರೂ ಮಲಗಿ ಎದ್ದು ಪೂರ್ತಿ ಸ್ಲಾಟ್ ಜೊತೆ ಬರುತ್ತಾರೆ. ಇಂಥ ಟೇಬಲ್ಲಿನಲ್ಲಿ ಸ್ಲಾಟ್ ಸುಟ್ಟು ಹೊಡೆಯುವ ಪಾತ್ರ ಯಾವಾಗಲೂ ರಾಜ.

ಆಟದೊಳಗಿನ ದಿನವನ್ನು ಸೆಷನ್‌ಗೆ ಕಟ್ಟಬೇಡಿ. ಲಾಂಗ್ ರೆಸ್ಟ್ ಊರಿನಲ್ಲಿ, ಗಟ್ಟಿ ಸೂರಿನ ಕೆಳಗೆ ಮಾತ್ರ ಅಂತ ಮಾಡಿ. ಘಟ್ಟದ ಕಾಡಿನಲ್ಲಿ, ಮಳೆಯಲ್ಲಿ, ಇಂಬಳ ಹತ್ತಿಸಿಕೊಂಡು ಮಲಗಿದ್ದನ್ನು ಶಾರ್ಟ್ ರೆಸ್ಟ್ (ಒಂದು ಗಂಟೆಯ ಸಣ್ಣ ವಿಶ್ರಾಂತಿ) ಅಂತ ಲೆಕ್ಕ ಹಿಡಿಯಿರಿ. ಉಳಿದ ಸ್ಲಾಟ್ ಹಾಳೆಯಲ್ಲಿ ಬರೆದಿಟ್ಟು ಹೋಗಲಿ. ಇದರ ಜೊತೆ 2024ರ ಸ್ಮೈಟ್ ತೆಗೆದುಕೊಳ್ಳಬಹುದು. ಅಲ್ಲಿ ಅದು ಬೋನಸ್ ಆಕ್ಷನ್ನಿನ ಮಂತ್ರ, ಒಂದು ಸರದಿಗೆ ಒಂದೇ ಸಲ. ಬಾಸಿಗೆ ಹಿಟ್ ಪಾಯಿಂಟ್ ಮಾತ್ರ ಸುರಿಯಬೇಡಿ. ಆಗ ಪ್ಯಾಲಡಿನ್‌ಗೆ ಏನೂ ಆಗುವುದಿಲ್ಲ, ಉಳಿದವರ ಹೊಡೆತಕ್ಕೆ ಬೆಲೆ ಇಲ್ಲದಂತಾಗುತ್ತದೆ.

ಬಾರ್ಬೇರಿಯನ್ ಜೊತೆ ಯಾವುದು ಒಗ್ಗುತ್ತೆ?

ಮಂತ್ರ ಹಾಕುವ ಕ್ಲಾಸ್ ಒಗ್ಗುವುದಿಲ್ಲ. ರೇಜ್‌ನಲ್ಲಿ (ಬಾರ್ಬೇರಿಯನ್ ರೊಚ್ಚಿಗೆದ್ದಾಗ) ಮಂತ್ರ ಹಾಕುವ ಹಾಗಿಲ್ಲ, ಮೊದಲೇ ಹಾಕಿದ್ದರ ಮೇಲೆ ಗಮನ ಇಡುವ ಹಾಗೂ ಇಲ್ಲ. ರೋಗ್ ಚೆನ್ನಾಗಿ ಒಗ್ಗುತ್ತದೆ. ಸ್ನೀಕ್ ಅಟ್ಯಾಕಿಗೆ (ರೋಗ್‌ನ ಹೆಚ್ಚುವರಿ ಪೆಟ್ಟು) ಫಿನೆಸ್ ಆಯುಧ (ಚುರುಕಿನಿಂದಲೂ ಬೀಸಬಹುದಾದ ಹಗುರ ಕತ್ತಿಯಂಥದ್ದು) ಬೇಕು, ಆದರೆ ಅದನ್ನು ಸ್ಟ್ರೆಂತ್‌ನಿಂದ ಬೀಸಬಾರದು ಅಂತ ಎಲ್ಲೂ ಇಲ್ಲ. ಬಾರ್ಬೇರಿಯನ್‌ನ ರೆಕ್‌ಲೆಸ್ ಅಟ್ಯಾಕ್ ಮಾಡಿದರೆ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು) ಸಿಗುತ್ತದೆ, ಅಡ್ವಾಂಟೇಜ್ ಇದ್ದರೆ ಸ್ನೀಕ್ ಅಟ್ಯಾಕ್ ಬರುತ್ತದೆ. ಮೂನ್ ಡ್ರೂಯಿಡ್ ಕೂಡ ಸರಿ, ಪ್ರಾಣಿ ರೂಪದಲ್ಲಿ ರೇಜ್ ಮಾಡಬಹುದು. ಎರಡೂ ಗಟ್ಟಿ ಜೋಡಿ, ಆದರೆ ಆಟ ಕೆಡಿಸುವಂಥದ್ದಲ್ಲ.

## ಲೆಕ್ಕ ಗೊತ್ತಿರುವವರಿಗೆ

ಸ್ಪೆಲ್ ಸ್ಲಾಟ್ ಲೆಕ್ಕ ತಲೆಗೇ ಹೋಗ್ತಿಲ್ಲ, ಒಂದು ಉದಾಹರಣೆ ಕೊಡಿ.

ಕ್ಲೆರಿಕ್ 3, ವಿಜರ್ಡ್ 2. ಇಬ್ಬರೂ ಪೂರ್ತಿ ಮಂತ್ರದವರು, ಹಾಗಾಗಿ ಕೂಡಿಸಿ 5. ಪುಸ್ತಕದ ಸ್ಲಾಟ್ ಪಟ್ಟಿಯಲ್ಲಿ ಐದನೇ ಸಾಲಿನ ಸ್ಲಾಟ್: ಒಂದನೇ ಹಂತದ್ದು 4, ಎರಡನೇ ಹಂತದ್ದು 3, ಮೂರನೇ ಹಂತದ್ದು 2. ಆದರೆ ಮಂತ್ರ ಕಲಿಯುವುದು ಆಯಾ ಕ್ಲಾಸಿನ ಲೆವೆಲ್ ಪ್ರಕಾರ. ಕ್ಲೆರಿಕ್ 3ಕ್ಕೆ ಎರಡನೇ ಹಂತದವರೆಗೆ, ವಿಜರ್ಡ್ 2ಕ್ಕೆ ಒಂದನೇ ಹಂತ ಮಾತ್ರ. ಮೂರನೇ ಹಂತದ ಸ್ಲಾಟ್ ಇದೆ, ಹಾಕಲು ಆ ಹಂತದ ಮಂತ್ರವೇ ಇಲ್ಲ. ಚಿಕ್ಕ ಮಂತ್ರವನ್ನು ಆ ಸ್ಲಾಟಿನಲ್ಲಿ ದೊಡ್ಡದಾಗಿ ಹಾಕಬಹುದು, ಅಷ್ಟೇ.

ಪ್ಯಾಲಡಿನ್, ರೇಂಜರ್ ಲೆವೆಲ್ ಅರ್ಧ ಲೆಕ್ಕ. 2014ರಲ್ಲಿ ಕೆಳಕ್ಕೆ ಇಳಿಸುತ್ತಾರೆ, 2024ರಲ್ಲಿ ಮೇಲಕ್ಕೆ ಏರಿಸುತ್ತಾರೆ. ಪ್ಯಾಲಡಿನ್ 5, ಸಾರ್ಸರರ್ 3 ಹಳೇ ಲೆಕ್ಕದಲ್ಲಿ 5, ಹೊಸದರಲ್ಲಿ 6. ಎಲ್ಡ್ರಿಚ್ ನೈಟ್, ಆರ್ಕೇನ್ ಟ್ರಿಕ್‌ಸ್ಟರ್ (ಫೈಟರ್, ರೋಗ್‌ಗಳ ಮಂತ್ರ ಹಾಕುವ ಸಬ್‌ಕ್ಲಾಸ್‌ಗಳು) ಮೂರನೇ ಒಂದು ಭಾಗ. ವಾರ್ಲಾಕ್ ಈ ಲೆಕ್ಕಕ್ಕೇ ಬರುವುದಿಲ್ಲ, ಅದರ ಸ್ಲಾಟ್ ಬೇರೆ, ಶಾರ್ಟ್ ರೆಸ್ಟಿಗೇ ತುಂಬುತ್ತದೆ. ಆದರೂ ಆ ಸ್ಲಾಟಿನಿಂದ ಬೇರೆ ಕ್ಲಾಸಿನ ಮಂತ್ರ ಹಾಕಬಹುದು.

ವಿಜರ್ಡ್ ಎರಡು ಲೆವೆಲ್ ಫೈಟರ್ ತಗೊಂಡ್ರೆ ಒಂದೇ ಸುತ್ತಿಗೆ ಎರಡು ಫೈರ್‌ಬಾಲ್ ಅಂತೆ?

2014ರಲ್ಲಿ ಹೌದು, ಫೈಟರ್‌ಗೆ ಒಂದು ಹೆಚ್ಚುವರಿ ಆಕ್ಷನ್ ಕೊಡುವ ಆಕ್ಷನ್ ಸರ್ಜ್‌ನಿಂದ. 2024ರಲ್ಲಿ ಇಲ್ಲ. ಆ ಹೆಚ್ಚುವರಿ ಆಕ್ಷನ್ನಿನಲ್ಲಿ ಮಂತ್ರ ಹಾಕುವಂತಿಲ್ಲ ಅಂತ ಬರೆದುಬಿಟ್ಟಿದ್ದಾರೆ. ಹಳೇ ನಿಯಮದಲ್ಲೂ ಇದರ ಬೆಲೆ ನೋಡಿ. ವಿಜರ್ಡ್ 5ಕ್ಕೆ ಇರುವುದು ಮೂರನೇ ಹಂತದ ಎರಡೇ ಸ್ಲಾಟ್. ಒಂದು ಸುತ್ತಿಗೆ ಸರಾಸರಿ 56 ಹೊಡೆದ, ಆಮೇಲೆ ಸಂಜೆಯವರೆಗೆ ಸಣ್ಣ ಪುಟ್ಟ ಮಂತ್ರ. ಅವನ ಪಕ್ಕದ ವಿಜರ್ಡ್ 7 ಆಗಲೇ ನಾಲ್ಕನೇ ಹಂತದ ಪಾಲಿಮಾರ್ಫ್ ಹಾಕುತ್ತಿರುತ್ತಾನೆ. ಇದಕ್ಕೆ ಡಿ.ಎಂ. ಹೆದರಬೇಕಿಲ್ಲ.

ನಿದ್ದೆನೇ ಮಾಡದೆ ಸ್ಲಾಟ್ ಕೂಡಿ ಹಾಕೋ ಟ್ರಿಕ್ ನಿಜಾನಾ?

ಕಾಫಿಲಾಕ್ ಅಂತ ಅದಕ್ಕೆ ಹೆಸರು, ಚಿಕ್ಕಮಗಳೂರು ಕಡೆಯವರಿಗೆ ಹೆಸರು ಕೇಳಿದರೇ ಖುಷಿ. ವಾರ್ಲಾಕ್ ಸ್ಲಾಟನ್ನು ಸಾರ್ಸರಿ ಪಾಯಿಂಟ್ ಮಾಡಿ, ಪಾಯಿಂಟನ್ನು ಸ್ಲಾಟ್ ಮಾಡಿ, ಒಂದು ಗಂಟೆ ಕೂತು ಮತ್ತೆ ಅದೇ. ಹಾಗೆ ಮಾಡಿದ ಸ್ಲಾಟ್ ಲಾಂಗ್ ರೆಸ್ಟಿಗೆ ಮಾಯವಾಗುತ್ತದೆ, ಅದಕ್ಕೇ ಅವನು ಮಲಗುವುದೇ ಇಲ್ಲ. 2014ರ ಮೂಲ ಪುಸ್ತಕದಲ್ಲಿ ಇದನ್ನು ತಡೆಯುವ ಮಾತಿರಲಿಲ್ಲ. 2017ರ ಪುಸ್ತಕ ಒಂದು ಐಚ್ಛಿಕ ನಿಯಮ ತಂದಿತು: ಲಾಂಗ್ ರೆಸ್ಟ್ ಇಲ್ಲದ ಪ್ರತಿ 24 ಗಂಟೆಗೆ 10ರ ಕಾನ್‌ಸ್ಟಿಟ್ಯೂಷನ್ ಸೇವ್, ಸೋತರೆ ಒಂದು ಹಂತದ ಸುಸ್ತು, ಮುಂದಿನ ದಿನಕ್ಕೆ 5 ಜಾಸ್ತಿ. ನನ್ನ ಕೇಳಿದರೆ ಅಷ್ಟೂ ಬೇಡ. "ಬೇಡಪ್ಪ, ಇದು ಆಟ ಅಲ್ಲ" ಅಂದರೆ ಮುಗಿಯಿತು.

20ನೇ ಲೆವೆಲ್‌ವರೆಗೆ ಬಿಲ್ಡ್ ಬರ್ಕೊಂಡು ಬರ್ತಾನೆ. ನಮ್ಮ ಕ್ಯಾಂಪೇನ್ 8ಕ್ಕೇ ನಿಲ್ಲುತ್ತೆ. ಒಪ್ಪಲಾ?

20 ಬಿಟ್ಟು 3, 5, 8ರಲ್ಲಿ ಪಾತ್ರ ಹೇಗಿರುತ್ತದೆ ಅಂತ ಬರೆದು ತರಲು ಹೇಳಿ. ಅರ್ಧ ಬಿಲ್ಡ್‌ಗಳು ಅಲ್ಲೇ ಬಿದ್ದುಹೋಗುತ್ತವೆ.

## ಡಿ.ಎಂ.ಗಳಿಗೆ

ನಮ್ಮ ಕಥೆ ಕೆಳದಿ ಕಾಲದ್ದು. ಎರಡನೇ ಕ್ಲಾಸಿಗೆ ಕಥೆಯಲ್ಲಿ ಕಾರಣ ಬೇಕೇ ಬೇಕಾ?

ನಿಯಮಕ್ಕೆ ಬೇಡ, ಟೇಬಲ್ಲಿಗೆ ಬೇಕು. ಅಷ್ಟು ಒಳ್ಳೇ ಕಾಲ ಹಿಡಿದುಕೊಂಡು ಕಾರಣ ಸಿಗದಿದ್ದರೆ ಹೇಗೆ? ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋಯಿತು. ಚೆನ್ನಮ್ಮ ರಾಣಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಘಟ್ಟದ ಕೆಳಗೆ ಮೆಣಸು ಇಳಿಯುತ್ತಿತ್ತು, ಕರಾವಳಿಯಲ್ಲಿ ಪೋರ್ಚುಗೀಸರು ಕೂತಿದ್ದರು.

ಈಗ ನೋಡಿ. ಕವಲೇದುರ್ಗದ ಕಾವಲುಗಾರ, ಫೈಟರ್. ಆಶ್ರಯ ಬೇಡಿ ಬಂದವರನ್ನು ರಾತ್ರೋರಾತ್ರಿ ಕಾಡಿನಲ್ಲಿ ದಾಟಿಸುವ ಕೆಲಸ ಅವನ ಪಾಲಿಗೆ ಬಂತು. ಮುಂದಿನ ಲೆವೆಲ್ ರೇಂಜರ್ ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ. ಮೆಣಸಿನ ಮೂಟೆ ಸುಂಕದ ಕಟ್ಟೆ ತಪ್ಪಿಸಿ ಸಾಗಿಸುವ ರೋಗ್ ಒಬ್ಬ ಮೇಳದ ಜೊತೆ ತಲೆಮರೆಸಿಕೊಂಡು ತಿರುಗಿದ, ಭಾಗವತರ ಹಿಂದೆ ಕೂತು ಪದ ಕಲಿತ, ಬಾರ್ಡ್ ಆದ. ವಾರ್ಲಾಕ್‌ಗೆ ಹರಕೆ ಅನ್ನುವುದು ಇದ್ದೇ ಇದೆ. ಹರಕೆ ಹೊತ್ತವನು ತೀರಿಸಬೇಕು, ತೀರಿಸದಿದ್ದರೆ ಕಾಟ. ಎರಡು ಲೆವೆಲ್ ತಗೊಂಡು ಮರೆತುಬಿಡುವವರಿಗೆ ಇದಕ್ಕಿಂತ ಒಳ್ಳೆಯ ಕಡಿವಾಣ ನಿಯಮದಲ್ಲಿ ಸಿಗುವುದಿಲ್ಲ.

ಒಂದು ಎಚ್ಚರಿಕೆ. ನಿಮ್ಮೂರಿನ ಚೌಡಿ, ಭೂತದ ಹೆಸರನ್ನೇ ತಂದು ಪೇಟ್ರನ್ (ವಾರ್ಲಾಕ್‌ಗೆ ಮಂತ್ರ ಕೊಡುವ ಶಕ್ತಿ) ಮಾಡಬೇಡಿ. ಟೇಬಲ್ಲಿನಲ್ಲಿ ಕೂತವರ ಮನೆಯಲ್ಲಿ ಅದಕ್ಕೆ ಪೂಜೆ ನಡೆಯುತ್ತಿರಬಹುದು. ಹೆಸರು, ಬನ ಎರಡನ್ನೂ ನೀವೇ ಹುಟ್ಟಿಸಿ.

ಕಾರಣ ಲೆವೆಲ್ ಏರುವ ಮೊದಲೇ ಬರಬೇಕು. ಏರಿದ ಮೇಲೆ "ನನ್ನಜ್ಜ ಮಂತ್ರವಾದಿ ಆಗಿದ್ದರು" ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಒಬ್ಬನೇ ಮಲ್ಟಿಕ್ಲಾಸ್, ಉಳಿದವರು ಸೀದಾ. ಉಳಿದವರಿಗೆ ಬೇಜಾರು. ಯಾರನ್ನ ಸರಿ ಮಾಡ್ಲಿ?

ಬೇಜಾರು ಹೊಡೆತದ ಲೆಕ್ಕದ್ದೋ, ಕೆಲಸ ಕಿತ್ತುಕೊಂಡದ್ದೋ ಅಂತ ಮೊದಲು ನೋಡಿ. ನಾನು ಕಂಡ ಜಗಳಗಳಲ್ಲಿ ಎರಡನೆಯದೇ ಜಾಸ್ತಿ. ಗುಂಪಿನಲ್ಲಿ ಬೀಗ ತೆಗೆಯುವವಳು ರೋಗ್. ಬಾರ್ಡ್ ಒಂದು ಲೆವೆಲ್ ರೋಗ್ ತಗೊಂಡ, ಎಕ್ಸ್‌ಪರ್ಟೈಸ್ (ಆರಿಸಿದ ಕೌಶಲಕ್ಕೆ ದುಪ್ಪಟ್ಟು ಬೋನಸ್) ಬಂತು, ಈಗ ಅವನೇ ಬೀಗ ತೆಗೆಯುತ್ತಾನೆ, ಮಾತೂ ಅವನೇ ಆಡುತ್ತಾನೆ. ಅವಳು ಮೊಬೈಲ್ ನೋಡುತ್ತಾ ಕೂತಿರುತ್ತಾಳೆ. ಇದನ್ನು ಡ್ಯಾಮೇಜ್ ಅಂಕಿಯಿಂದ ಹಿಡಿಯಲು ಆಗುವುದಿಲ್ಲ.

ಅದಕ್ಕೇ ಯಾರಾದರೂ ಎರಡನೇ ಕ್ಲಾಸ್ ಕೇಳಿದಾಗ ನಾನು ಆ ಕ್ಲಾಸ್ ಆಡುತ್ತಿರುವವರನ್ನು ಮೊದಲು ಕೇಳುತ್ತೇನೆ. ಅವರು ಹೂಂ ಅಂದರೆ ಆಯಿತು. ಇಲ್ಲ ಅಂದರೆ ಬೇರೆ ಕ್ಲಾಸ್ ನೋಡಲಿ, ಹನ್ನೆರಡು ಇವೆಯಲ್ಲ.

ಮನೆ ನಿಯಮ ಹಾಕೋದಾದ್ರೆ ಯಾವುದು ಹಾಕ್ಲಿ?

ಕಡಿಮೆ ಹಾಕಿ, ಮತ್ತು ದುರ್ಬಲರನ್ನು ಎತ್ತುವಂಥದ್ದನ್ನು ಮೊದಲು ಹಾಕಿ. ನನಗೆ ಇಷ್ಟವಾದದ್ದು ಇದು: ಎಕ್ಸ್ಟ್ರಾ ಅಟ್ಯಾಕಿಗೆ ಬಾರ್ಬೇರಿಯನ್, ಫೈಟರ್, ಮಾಂಕ್, ಪ್ಯಾಲಡಿನ್, ರೇಂಜರ್ ಲೆವೆಲ್‌ಗಳನ್ನು ಕೂಡಿಸಿ 5 ಆದರೆ ಸಾಕು ಅನ್ನುವುದು. ಫೈಟರ್ 3, ರೇಂಜರ್ 2 ಆದವನು ಗುಂಪಿನ ಜೊತೆಗೇ ಎರಡನೇ ಹೊಡೆತ ಪಡೆಯುತ್ತಾನೆ. ಮಂತ್ರದವರ ಡಿಪ್‌ಗೆ ಇದರಿಂದ ಏನೂ ಲಾಭ ಇಲ್ಲ.

ಗುಣದ ಅಂಕ ಏರಿಸುವುದನ್ನು ಒಟ್ಟು ಲೆವೆಲ್ಲಿಗೆ ಕಟ್ಟುವ ನಿಯಮವನ್ನು ಹಲವರು ಹಾಕುತ್ತಾರೆ. ಕೇಳಲು ನ್ಯಾಯ ಅನ್ನಿಸುತ್ತದೆ, ಆದರೆ ಅದು ಡಿಪ್ ಮಾಡುವವರ ಒಂದೇ ಒಂದು ದೊಡ್ಡ ನಷ್ಟವನ್ನು ಅಳಿಸಿಹಾಕುತ್ತದೆ. ನಾನು ಹಾಕುವುದಿಲ್ಲ. ಎಲ್ಡ್ರಿಚ್ ಬ್ಲಾಸ್ಟ್ ಕಿರಣಗಳನ್ನು ವಾರ್ಲಾಕ್ ಲೆವೆಲ್ಲಿಗೆ ಕಟ್ಟುವುದು ತೀರಾ ಬೇಕಾದರೆ ಮಾತ್ರ. ಏನೇ ಹಾಕಿದರೂ ಕ್ಯಾಂಪೇನ್ ಶುರುವಾಗುವ ಮೊದಲು ಹೇಳಿ. ಆರು ತಿಂಗಳು ಆಡಿದ ಪಾತ್ರದ ಕೈ ಕತ್ತರಿಸುವುದು ಸರಿಯಲ್ಲ.

ಹಳೇ ಎಡಿಷನ್‌ಗಳಲ್ಲಿ ಇದನ್ನ ಹೇಗೆ ತಡೀತಿದ್ರು?

ಬೇರೆ ಬೇರೆ ರೀತಿ. 1974ರ ಮೊದಲ ಆಟದಲ್ಲಿ ಎಲ್ಫ್ ಒಂದು ಸಾಹಸಕ್ಕೆ ಕಾದಾಳು, ಇನ್ನೊಂದಕ್ಕೆ ಮಂತ್ರವಾದಿ ಆಗಬಹುದಿತ್ತು. 1978ರ ಅಡ್ವಾನ್ಸ್‌ಡ್ ಆಟದಲ್ಲಿ ಎಲ್ಫ್, ಡ್ವಾರ್ಫ್ ಮುಂತಾದವರು ಎರಡು ಮೂರು ಕ್ಲಾಸಿನಲ್ಲಿ ಒಟ್ಟಿಗೇ ಬೆಳೆಯುತ್ತಿದ್ದರು, ಅನುಭವದ ಅಂಕ ಸಮನಾಗಿ ಹಂಚಿಹೋಗುತ್ತಿತ್ತು. ಮನುಷ್ಯರಿಗೆ ಬೇರೆ ನಿಯಮ: ಹಳೇ ಕ್ಲಾಸಿನ ಮುಖ್ಯ ಗುಣದಲ್ಲಿ 15, ಹೊಸದರಲ್ಲಿ 17 ಬೇಕು. ಹೊಸ ಕ್ಲಾಸ್ ಹಳೆಯದನ್ನು ದಾಟುವವರೆಗೆ ಹಳೇ ವಿದ್ಯೆ ಬಳಸಿದರೆ ಅನುಭವದ ಅಂಕಕ್ಕೆ ಕತ್ತರಿ. ಈಗಿನ ಹಾಗೆ ಲೆವೆಲ್ ಲೆವೆಲ್ಲಾಗಿ ಆರಿಸುವ ಪದ್ಧತಿ 2000ದ ಮೂರನೇ ಎಡಿಷನ್ನಿನದು. ಅಲ್ಲಿ ಕ್ಲಾಸುಗಳ ಮಧ್ಯೆ ಒಂದಕ್ಕಿಂತ ಹೆಚ್ಚು ಲೆವೆಲ್ ಅಂತರ ಬಿದ್ದರೆ ಅನುಭವದಲ್ಲಿ 20 ಶೇಕಡಾ ಕಡಿತ ಇತ್ತು, ಇಷ್ಟದ ಕ್ಲಾಸ್ ಒಂದಕ್ಕೆ ವಿನಾಯಿತಿ. 2008ರ ನಾಲ್ಕನೇ ಎಡಿಷನ್ ಫೀಟ್ (ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಕೊಟ್ಟು ಇನ್ನೊಂದು ಕ್ಲಾಸಿನ ರುಚಿ ಮಾತ್ರ ತೋರಿಸಿತು.

ನನಗೆ ಹಿಡಿಸಿದ್ದು ಇದೇ ಜಾತಿಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಎಡಿಷನ್ನಿನ ದಾರಿ. ಮೂಲ ಕ್ಲಾಸ್ ಕೊನೆಯವರೆಗೂ ಬೆಳೆಯುತ್ತದೆ, 2ನೇ ಲೆವೆಲ್ಲಿನಿಂದ ಫೀಟ್ ಕೊಟ್ಟು ಎರಡನೇ ಕ್ಲಾಸಿನ ಗುಣ ತೆಗೆದುಕೊಳ್ಳಬಹುದು. ಅದರಲ್ಲಿ ಇನ್ನೂ ಎರಡು ಫೀಟ್ ತೆಗೆದುಕೊಳ್ಳದೆ ಮೂರನೇ ಕ್ಲಾಸಿಗೆ ಹಾರುವಂತಿಲ್ಲ. ಡಿಪ್ ಮಾಡಿ ಓಡುವವರಿಗೂ ಬೇಲಿ, ಅರ್ಧರ್ಧ ಬೆರೆಸಿ ದುರ್ಬಲರಾಗುವವರಿಗೂ ಆಸರೆ.

ಒಬ್ಬ 2014ರ ಪುಸ್ತಕ ತರ್ತಾನೆ, ಇನ್ನೊಬ್ಬ 2024ರದ್ದು. ಬೆರೆಸಿ ಆಡಬಹುದಾ?

ಒಂದೇ ಟೇಬಲ್ಲಿನಲ್ಲಿ ಎರಡೂ ಇರಬಹುದು, ಒಂದೇ ಪಾತ್ರದಲ್ಲಿ ಬೇಡ. 2014ರಲ್ಲಿ ಕ್ಲೆರಿಕ್, ಸಾರ್ಸರರ್, ವಾರ್ಲಾಕ್‌ಗೆ ಸಬ್‌ಕ್ಲಾಸ್ 1ಕ್ಕೇ ಸಿಗುತ್ತದೆ, ಡ್ರೂಯಿಡ್, ವಿಜರ್ಡ್‌ಗೆ 2ಕ್ಕೆ. 2024ರಲ್ಲಿ ಎಲ್ಲರಿಗೂ 3ಕ್ಕೆ. 2024ರ ಪ್ಯಾಲಡಿನ್‌ಗೆ 2014ರ ಹೆಕ್ಸ್‌ಬ್ಲೇಡ್‌ನ ಒಂದು ಲೆವೆಲ್ ಅಂಟಿಸಿದರೆ ಹೊಸ ಪುಸ್ತಕ ಮುಚ್ಚಿದ ಕಿಂಡಿ ಮತ್ತೆ ತೆರೆಯುತ್ತದೆ. ಮಲ್ಟಿಕ್ಲಾಸ್ ಮಾಡುವವರು ಯಾವುದಾದರೂ ಒಂದು ವರ್ಷದ ಪುಸ್ತಕ ಆರಿಸಿಕೊಂಡು ಎರಡೂ ಕ್ಲಾಸನ್ನು ಅದರಿಂದಲೇ ತೆಗೆದುಕೊಳ್ಳಲಿ. ಸ್ಲಾಟ್ ಲೆಕ್ಕದಲ್ಲಿ ಅರ್ಧವನ್ನು ಮೇಲಕ್ಕೆ ಏರಿಸುವುದೋ ಕೆಳಕ್ಕೆ ಇಳಿಸುವುದೋ ಅನ್ನುವುದನ್ನು ಮಾತ್ರ ಇಡೀ ಟೇಬಲ್ಲಿಗೆ ಒಂದೇ ಮಾಡಿ. ಮೇಲಕ್ಕೆ ಏರಿಸುವುದೇ ವಾಸಿ.